ಮಾಂಸ ಹೆಚ್ಚಿತು, ಹಸು ಸೋತಿತು

ಬೆಲ್ಜಿಯಂನ ‘ಬೆಲ್ಜಿಯನ್ ಬ್ಲೂ’ ಹೋರಿಯ ತೊಡೆ, ಬೆನ್ನಿನ ಸ್ನಾಯುಗಳು ಚರ್ಮದಡಿ ಒಂದೊಂದೂ ಬೇರೆಯಾಗಿ ಉಬ್ಬಿ ಕಾಣುತ್ತವೆ. ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ವಂಶವಾಹಿಯಲ್ಲಿ 11 ಡಿಎನ್‌ಎ ಅಕ್ಷರಗಳು ಬಿಟ್ಟುಹೋಗಿರುವುದೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು 1997ರಲ್ಲಿ ಪತ್ತೆಹಚ್ಚಿದರು. ಅಷ್ಟರಲ್ಲಾಗಲೇ ತಳಿಗಾರರು ಕಣ್ಣಳತೆಯಲ್ಲೇ ಇಂಥ ಹೋರಿಗಳನ್ನು ಆರಿಸಿ, ಕೃತಕ ಗರ್ಭಧಾರಣೆಯಿಂದ ತಳಿಯ ತುಂಬ ಹಬ್ಬಿಸಿದ್ದರು. ಮಾಂಸ ಮೃದು, ಕೊಬ್ಬು ತೀರಾ ಕಡಿಮೆ. ಮಾರುವವರಿಗೂ ಕೊಳ್ಳುವವರಿಗೂ ಲಾಭವೇ.

ನೋವು ಮಾತ್ರ ಹಸುವಿನ ಪಾಲಿಗೆ. ಕರು ದಪ್ಪ, ತಾಯಿಯ ಜನನಮಾರ್ಗ ಕಿರಿದು. ಹೀಗಾಗಿ ಬಹುಪಾಲು ಕರುಗಳು ಹುಟ್ಟುವುದೇ ಸಿಸೇರಿಯನ್‌ನಿಂದ. ನಿಂತ ಹಸುವಿಗೆ ಅರಿವಳಿಕೆ ಕೊಟ್ಟು, ಎಡಪಕ್ಕೆ ಸೀಳಿ ಕರು ತೆಗೆಯುತ್ತಾರೆ. ಮುಂದಿನ ಸೂಲಿಗೂ ಸಾಮಾನ್ಯವಾಗಿ ಅದೇ ಪಾಡು. ತಾನಾಗಿ ಈಯಲಾರದ ತಳಿಯನ್ನು ಯಶಸ್ಸೆನ್ನಲು ನಮಗೆ ಮನಸ್ಸಿಲ್ಲ. ಹೋರಿ ಆರಿಸುವಾಗ ಮಾಂಸದ ತೂಕದಷ್ಟೇ ಸಲೀಸಾಗಿ ಈಯುವುದಕ್ಕೂ ಬೆಲೆ ಸಿಗಬೇಕು. ಹಸುವಿನ ಸೊಂಟದಗಲ ಅಳೆದು ಆಯುವ ಕೆಲಸ ಚುರುಕಾಗಬೇಕು.