ಬಿಂದುವಿಗೂ ಬೇಲಿಯೆ?

ಬಿಂದುವಿಗೆ ಸ್ಥಾನವುಂಟು, ಉದ್ದಗಲಗಳಿಲ್ಲವೆಂದು ರೇಖಾಗಣಿತದ ಮೊದಲನೆಯ ಪಾಠದಲ್ಲಿಯೇ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅಮೆರಿಕಾದ ವಯೋಮಿಂಗ್ ಸಂಸ್ಥಾನದಲ್ಲಿ ಒಬ್ಬ ಶ್ರೀಮಂತ ಭೂಮಾಲಿಕನು ಇಂಥ ಬಿಂದುವಿಗೇ ಬೇಲಿ ಹಾಕಹೊರಟನು. ಅದನ್ನು ದಾಟಿದವರಿಂದ 70 ಲಕ್ಷ ಡಾಲರಿಗೂ ಮಿಕ್ಕ ಪರಿಹಾರವನ್ನು ಕೇಳಿದನು. ಇದನ್ನು ಆಸ್ತಿಯ ಹಕ್ಕಿನ ರಕ್ಷಣೆಯೆಂದು ಕೊಂಡಾಡುವವರಿದ್ದಾರೆ. ನಮ್ಮ ವಾದವೆಲ್ಲ ಅವರೊಡನೆ.

ವ್ಯಾಜ್ಯದ ಬೇರು 1862ರಷ್ಟು ಹಳೆಯದು. ಪೆಸಿಫಿಕ್ ಕರಾವಳಿಯವರೆಗೆ ರೈಲುದಾರಿ ಹಾಕಿಸಲು ಅಲ್ಲಿಯ ಸಂಸತ್ತು ಕಂಪೆನಿಗಳಿಗೆ ಭೂಮಿಯನ್ನು ದಾನ ಕೊಟ್ಟಿತು. ಮೈಲಿಯುದ್ದ ಮೈಲಿಯಗಲದ, 640 ಎಕರೆಯ ಚೌಕಗಳನ್ನು ಅಳೆದು, ಒಂದು ಕಂಪೆನಿಗೆ, ಪಕ್ಕದ್ದು ಸರಕಾರಕ್ಕೆ, ಮತ್ತೊಂದು ಕಂಪೆನಿಗೆ, ಹೀಗೆ ಚದುರಂಗದ ಹಾಸಿನಂತೆ ಹಂಚಿತು. (ಆ ನೆಲದ ಮೂಲನಿವಾಸಿಗಳ ಮಾತನ್ನು ಯಾರೂ ಕೇಳಲಿಲ್ಲ, ಅದು ಬೇರೆಯೇ ಅನ್ಯಾಯ.) ಕಂಪೆನಿಯ ಚೌಕಗಳು ಕೈಯಿಂದ ಕೈಗೆ ಮಾರಾಟವಾದವು. ಸರಕಾರದಲ್ಲಿ ಉಳಿದವು ಪ್ರಜೆಗಳೆಲ್ಲರ ಸ್ವತ್ತಾಗಿ, ಬೇಟೆಗೂ ವಿಹಾರಕ್ಕೂ ತೆರೆದಿವೆ. ತೆರೆದಿರುವುದೇನೋ ನಿಜ, ಆದರೆ ಹೋಗುವುದು ಹೇಗೆ? ನಾಲ್ಕು ಬದಿಗೂ ಖಾಸಗಿ ಚೌಕಗಳು. ಒಂದು ಸಾರ್ವಜನಿಕ ಚೌಕದಿಂದ ಮತ್ತೊಂದಕ್ಕೆ ಮೂಲೆಯ ಬಿಂದುವೊಂದೇ ದಾರಿ. ಹೀಗೆ ಮೂಲೆಯಲ್ಲಿ ಸಿಕ್ಕಿಕೊಂಡ ಭೂಮಿ ಪಶ್ಚಿಮದ ಸಂಸ್ಥಾನಗಳಲ್ಲಿ ಸುಮಾರು 83 ಲಕ್ಷ ಎಕರೆಯೆಂದು ಎಣಿಸಿದ್ದಾರೆ.

2020ರಲ್ಲಿಯೂ 2021ರಲ್ಲಿಯೂ ಮಿಸ್ಸೌರಿಯ ಕೆಲವರು ಬೇಟೆಗಾರರು ಸಂಸ್ಥಾನಗಳ ಗಡಿಗಳನ್ನು ದಾಟಿ ವಯೋಮಿಂಗಿನ ಎಲ್ಕ್ ಪರ್ವತದ ಬಳಿಗೆ ಬಂದರು. ಅಲ್ಲಿಂದ ಕಾಲ್ನಡಿಗೆ. ಮೊದಲ ವರ್ಷ, ಮೂಲೆಯಲ್ಲಿ ಮಾಲಿಕನು ನೆಡಿಸಿದ್ದ ಕಂಬಗಳನ್ನು ಹಿಡಿದು ಮೈಯನ್ನು ತಿರುಗಿಸಿ ಆಚೆಯ ಸಾರ್ವಜನಿಕ ನೆಲದ ಮೇಲೆ ಕಾಲಿಟ್ಟರು. ಮರುವರ್ಷ ಕಂಬವನ್ನೂ ಮುಟ್ಟಬಾರದೆಂದು ಉಕ್ಕಿನ ಏಣಿಯೊಂದನ್ನು ಮಾಡಿಸಿ ತಂದು, ಹತ್ತಿ ಇಳಿದರು. ಖಾಸಗಿ ನೆಲದ ಒಂದು ಹುಲ್ಲುಕಡ್ಡಿಯನ್ನೂ ತುಳಿಯಲಿಲ್ಲ. ಆದರೂ ಅತಿಕ್ರಮದ ಮೊಕದ್ದಮೆ! 2022ರಲ್ಲಿ ಪಂಚರು ಅವರನ್ನು ನಿರ್ದೋಷಿಗಳೆಂದು ಬಿಟ್ಟರೂ ಪರಿಹಾರದ ದಾವೆ ಮುಂದುವರಿಯಿತು.

ನೆಲ ಯಾರದೋ ಮೇಲಿನ ಆಕಾಶವೂ ಅವನದೇ, ಬೇಟೆಗಾರರ ಭುಜಗಳು ನನ್ನ ಆಕಾಶದಲ್ಲಿ ಹಾದುಹೋದವು ಎಂಬುದು ಮಾಲಿಕನ ವಾದ. ಹಾಗಾದರೆ ಕೇಳುತ್ತೇವೆ: ಆತನು ತನ್ನ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ದಾಟುವುದು ಯಾರ ನೆಲವನ್ನು? ಪ್ರಜೆಗಳದ್ದನ್ನಲ್ಲವೆ? ಅದಕ್ಕಾಗಿ ಯಾರೂ ಅವನ ಮೇಲೆ ದಾವೆ ಹೂಡಲಿಲ್ಲ.

ಪ್ರತಿಪಕ್ಷದವರ ಕೈಯಲ್ಲಿ ಒಂದು ಗಟ್ಟಿ ಆಯುಧವಿದೆಯೆಂಬುದನ್ನು ಒಪ್ಪುತ್ತೇವೆ. 1979ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇಂಥದೇ ಮೂಲೆಯೊಂದರಲ್ಲಿ ಸರಕಾರ ರಸ್ತೆ ಮಾಡಿದಾಗ, ಪರಿಹಾರ ಕೊಡದೆ ಹಾಗೆ ಮಾಡಲಾಗದೆಂದು ತೀರ್ಪಿತ್ತಿತು. ಸರಿಯೆ. ರಸ್ತೆ ನೆಲವನ್ನು ನುಂಗುತ್ತದೆ. ಒಂದು ಹೆಜ್ಜೆ ಏನನ್ನೂ ನುಂಗುವುದಿಲ್ಲ. ಮೇಲಾಗಿ, ಸಾರ್ವಜನಿಕ ಭೂಮಿಯಲ್ಲಿ ಸಂಚಾರವನ್ನು ತಡೆಯಬಾರದೆಂಬ ಕಾಯಿದೆ 1885ರಿಂದಲೂ ಉಂಟು. ಇದೇ ವಯೋಮಿಂಗಿನಲ್ಲಿ ಒಬ್ಬನು 28 ಮೈಲಿ ಬೇಲಿ ಹಾಕಿ, ಪ್ರಾಂಗ್‌ಹಾರ್ನ್ ಎಂಬ ಹುಲ್ಲೆಯಂಥ ಮೃಗಗಳು ಚಳಿಗಾಲದ ಮೇವಿಗೆ ಹೋಗದಂತೆ ತಡೆದಾಗ, 1988ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಕಾಯಿದೆಯನ್ನೇ ಆಧರಿಸಿ ಮೃಗಗಳಿಗೆ ದಾರಿ ಬಿಡಿಸಿತು. ಮೃಗಕ್ಕೆ ಸಂದ ನ್ಯಾಯ ಭೂಮಿಯ ಒಡೆಯರಾದ ಪ್ರಜೆಗಳಿಗೆ ಸಲ್ಲಲು ಮತ್ತೆ 37 ವರ್ಷ ಹಿಡಿಯಿತು! 2025ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯವು, ಖಾಸಗಿ ನೆಲವನ್ನು ಮುಟ್ಟದೆ ಮೂಲೆ ದಾಟುವವರನ್ನು ತಡೆಯಲಾಗದೆಂದು ಹೇಳಿತು. ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಲಿಕನ ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಬೇಟೆಯನ್ನು ನಾವು ಹೊಗಳುತ್ತಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆಯೂ ಅದರ ತಿದ್ದುಪಡಿಗಳೂ ಅದಕ್ಕೆ ತಡೆಹಾಕಿರುವುದು ಉಚಿತವೇ. ಆದರೆ ಎಲ್ಲರದೆಂದು ಹೇಳಿ, ದಾರಿಯ ಬೀಗವನ್ನು ಒಬ್ಬನ ಕೈಗೆ ಕೊಡುವುದನ್ನು ಬೇಟೆಯಾಡದವರೂ ವಿರೋಧಿಸಬೇಕು.

ಜಗಳ ಮುಗಿಯಿತೆ? ಇಲ್ಲ. ಆ ತೀರ್ಪು ನಡೆಯುವುದು ಆರು ಸಂಸ್ಥಾನಗಳಲ್ಲಿ ಮಾತ್ರ. ವಯೋಮಿಂಗಿನ ಉತ್ತರದ ಗಡಿಯಾಚೆಯ ಮೊಂಟಾನಾ ಬೇರೆ ನ್ಯಾಯವಲಯಕ್ಕೆ ಸೇರಿದೆ. ಮೂಲೆ ದಾಟುವುದು ತಮ್ಮಲ್ಲಿ ಇನ್ನೂ ಅಕ್ರಮವೇ ಎಂದು ಅಲ್ಲಿಯ ವನ್ಯಜೀವಿ ಇಲಾಖೆ 2025ರಲ್ಲಿ ಸಾರಿತು. ಗಡಿಯ ಎರಡು ಕಡೆಯಲ್ಲಿಯೂ ಭೂಮಿ ಅದೇ ಕೇಂದ್ರ ಸರಕಾರದ್ದು, 1885ರ ಕಾಯಿದೆಯೂ ಅದೇ. ನಡೆದು ಬಂದವನ ಹೆಜ್ಜೆ ಮಾತ್ರ ಈಚೆಗೆ ಹಕ್ಕು, ಆಚೆಗೆ ಅಪರಾಧ! ಬೇಟೆಯ ಪರವಾನಗಿಗೆ ಹೊರಗಿನವನಿಂದ ಹೆಚ್ಚು ಹಣ ಕೇಳುವ ಅಧಿಕಾರ ಸಂಸ್ಥಾನಕ್ಕೆ ಉಂಟೆಂದು 1978ರಲ್ಲಿ ಇದೇ ಮೊಂಟಾನಾದ ಮೊಕದ್ದಮೆಯಲ್ಲಿ ತೀರ್ಮಾನವಾಗಿದೆ. ಮೃಗಗಳನ್ನು ಕಾಯುವ ಖರ್ಚು ಅದರದ್ದಾದ್ದರಿಂದ ಅದಕ್ಕೆ ನಮ್ಮ ತಕರಾರಿಲ್ಲ. ತಾಳವಾಡಿಯಿಂದ ಚಾಮರಾಜನಗರಕ್ಕೆ ನಡೆದುಹೋಗುವವನಿಗೂ ಗಡಿ ದಾಟಿದೊಡನೆ ಕಚೇರಿಯ ಭಾಷೆ ಬದಲಾಗುತ್ತದೆ, ತೆರಿಗೆ ಬದಲಾಗುತ್ತದೆ; ನಡೆಯುವ ಹಕ್ಕು ಬದಲಾಗುವುದಿಲ್ಲ. ಮೊಂಟಾನಾದ ಅಧಿಕಾರಿಗಳು ಆ ವ್ಯತ್ಯಾಸವನ್ನು ಕಾಣಲೊಲ್ಲರು. ಅಲ್ಲಿಯ ಬೇಟೆಗಾರನೊಬ್ಬನು ಮತ್ತೊಂದು ಏಣಿ ಹೊತ್ತು ಹೊರಟು, ಮತ್ತೊಂದು ದಾವೆಯ ಭಾರವನ್ನೂ ಹೊರುವವರೆಗೆ ಆ ಸಂಸ್ಥಾನದ ಮೂಲೆಗಳು ಮುಚ್ಚಿಯೇ ಇರುತ್ತವೆ.