ದ್ವೇಷವೂ ಮಾರಾಟದ ಸರಕು

ಟಿ.ವಿ. ಮುಂದೆ ಕುಳಿತು ಒಬ್ಬ ಹೆಣ್ಣನ್ನು ಬೈಯುವ ಸುಖವನ್ನು ನಮಗೆ ಮಾರುತ್ತಿರುವವರು ಯಾರು? ಜೇಡ್ ಗುಡಿಯ ಕಥೆ ನೋಡಿ. ದಂತವೈದ್ಯರ ಬಳಿ ಸಹಾಯಕಿಯಾಗಿದ್ದ ಈ ಬಡ ಹುಡುಗಿ 2002ರಲ್ಲಿ ಬ್ರಿಟನ್ನಿನ 'ಬಿಗ್ ಬ್ರದರ್' ಸ್ಪರ್ಧೆಗೆ ಬಂದಾಗ ಅಲ್ಲಿನ ಪತ್ರಿಕೆಗಳು ಅವಳನ್ನು ಹಂದಿಯೆಂದು ಜರೆದವು. 2007ರಲ್ಲಿ, ತಾರೆಯರ 'ಬಿಗ್ ಬ್ರದರ್'ನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯನ್ನು ಅವಳು ಜನಾಂಗದ ಹೆಸರಿನಲ್ಲಿ ಹೀಯಾಳಿಸಿದಳು. ಅದು ಅಕ್ಷಮ್ಯ. ಪ್ರಸಾರ ನಿಯಂತ್ರಕರಿಗೆ 44,000ಕ್ಕೂ ಹೆಚ್ಚು ದೂರುಗಳು ಹೋದವು, ಸರಿಯೇ. ಆದರೆ ಅದನ್ನೆಲ್ಲ ಚಿತ್ರಿಸಿ, ಕತ್ತರಿಸಿ, ಜೋಡಿಸಿ ತೋರಿಸಿದ ವಾಹಿನಿಗೆ ನೋಡುಗರು ಹೆಚ್ಚಿದರು! ಮರುವರ್ಷ ಹಿಂದಿಯ 'ಬಿಗ್ ಬಾಸ್' ಅವಳನ್ನೇ ಕರೆಸಿತು, ನಿರೂಪಕಿ ಶಿಲ್ಪಾ. ಗರ್ಭಕಂಠದ ಕ್ಯಾನ್ಸರಿನ ಸುದ್ದಿ ಅವಳಿಗೆ ತಲುಪಿದ್ದು ಆ ಮನೆಯಲ್ಲೇ. 2009ರಲ್ಲಿ, ತನ್ನ 27ನೇ ವಯಸ್ಸಿನಲ್ಲಿ ಅವಳು ತೀರಿಕೊಂಡಾಗ ಪತ್ರಿಕೆಗಳು ಮುಖಪುಟದಲ್ಲಿ ಅತ್ತವು.

ಕನ್ನಡದ 'ಬಿಗ್ ಬಾಸ್' ಶುರುವಾದದ್ದು 2013ರಲ್ಲಿ. ಅದನ್ನು ನೋಡುತ್ತ ನಾವೇನು ಹೇಳುತ್ತೇವೆ? ಗಂಡಸು ಕೂಗಾಡಿದರೆ 'ಖಡಕ್', ಹೆಂಗಸು ದನಿಯೆತ್ತಿದರೆ 'ಬಜಾರಿ'. ಎದುರು ಮಾತಾಡಿದ ಸೊಸೆಗೂ ನಮ್ಮ ಮನೆಗಳು ಕೊಟ್ಟ ಹೆಸರು ಇದೇ ಅಲ್ಲವೆ? ಸ್ಪರ್ಧಿಯ ತಪ್ಪನ್ನು ಖಂಡಿಸೋಣ. ಆದರೆ ಸೋದರಿಯರೇ, ಜಗಳ ಹಚ್ಚಿ ಜಾಹೀರಾತಿನ ಹಣ ಎಣಿಸುವವರನ್ನು ಮೊದಲು ಪ್ರಶ್ನಿಸೋಣ.