ಸ್ನಾನವೂ ಒಂದು ಪಾಠ

ಆಟಿಸಂ ಇರುವ ಮಗುವಿನ ತಂದೆತಾಯಿಯರನ್ನು ಕಂಡಾಗ ನಮ್ಮ ಬಂಧುಗಳು ಕೇಳುವ ಮೊದಲ ಪ್ರಶ್ನೆ, 'ಮಾತು ಬಂತೆ?' ಎಂಬುದು. ಎರಡನೆಯದು, 'ಶಾಲೆಗೆ ಸೇರಿಸಿದಿರಾ?' 'ತಾನೇ ಸ್ನಾನ ಮಾಡಿಕೊಳ್ಳುತ್ತಾನೆಯೇ?' ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ. ಈ ಬರಹವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಈಗ ತಂದೆತಾಯಿಯರು, ಕೆಲವರು ಶಿಕ್ಷಕರು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನ ತಂಗಿಯ ಮೊಮ್ಮಗನಿಗೆ 11 ವರ್ಷ. ಮಾತು ಕಡಿಮೆ. ಒಂದೂವರೆ ವರ್ಷದ ಹಿಂದಿನವರೆಗೂ ತಾಯಿಯೇ ಅವನಿಗೆ ನೀರೆರೆಯುತ್ತಿದ್ದಳು. ಐದು ವರ್ಷದ ಮಗುವಿಗೆ ಇದು ಸಹಜ. ಹದಿನೈದರ ಹುಡುಗನಿಗೆ? ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಬೇಕು. ಯಾರು ಬಂದು ಬಟ್ಟೆ ಬಿಚ್ಚಿದರೂ ಸುಮ್ಮನೆ ನಿಲ್ಲುವುದು ರೂಢಿಯಾದ ಮಗು, ಕೆಟ್ಟ ಉದ್ದೇಶದ ಕೈಯನ್ನು ಬೇರೆಯೆಂದು ತಿಳಿಯುವುದು ಹೇಗೆ? ತಿಳಿದರೂ ಅದನ್ನು ಮನೆಯವರಿಗೆ ಹೇಳುವುದು ಹೇಗೆ? ತನ್ನ ಮೈಯನ್ನು ತಾನೇ ತೊಳೆದುಕೊಳ್ಳುವ ಮಗುವಿಗೆ, ಈ ಮೈ ತನ್ನದು ಎಂಬ ಅರಿವು ದಿನನಿತ್ಯದ ಅಭ್ಯಾಸದಿಂದಲೇ ಮೂಡುತ್ತದೆ.

'ಚೆನ್ನಾಗಿ ಸ್ನಾನ ಮಾಡು' ಎಂಬುದು ಇಂಥ ಮಗುವಿಗೆ ಸೂಚನೆಯೇ ಅಲ್ಲ. ಚೆನ್ನಾಗಿ ಎಂದರೆ ಎಷ್ಟು? ಎಲ್ಲಿಂದ ಎಲ್ಲಿಗೆ? ಆ ಮನೆಯಲ್ಲಿ ಕೆಲಸವನ್ನು ಹದಿನಾಲ್ಕು ತುಂಡು ಮಾಡಿದರು. ಬಟ್ಟೆ ಬಿಚ್ಚುವುದು, ಕಾಲಿಗೆ ಒಂದು ಚೊಂಬು, ಹೆಗಲಿಗೆ ಎರಡು, ಎಡಗೈಗೆ ಸೋಪು, ಬಲಗೈಗೆ ಸೋಪು, ಹೀಗೆ. ಒಂದೊಂದಕ್ಕೂ ಒಂದು ಚಿತ್ರ ಬರೆದು, ಪ್ಲಾಸ್ಟಿಕ್ ಹೊದಿಸಿ, ಬಚ್ಚಲಿನ ಗೋಡೆಗೆ ಅವನ ಕಣ್ಣಿನ ಎತ್ತರಕ್ಕೆ ಅಂಟಿಸಿದರು. ಆಡಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಚಿತ್ರ ಅಲ್ಲಿಯೇ ಇರುತ್ತದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1970ರ ದಶಕದಲ್ಲಿ ಎರಿಕ್ ಶೋಪ್ಲರ್ ರೂಪಿಸಿದ 'ಟೀಚ್' ಪದ್ಧತಿಯಲ್ಲಿ ಇಂಥ ಚಿತ್ರಕ್ರಮಕ್ಕೆ ದೊಡ್ಡ ಸ್ಥಾನವಿದೆ.

ಶಾಲೆಯಲ್ಲಿ ನಾವು 'ಅ'ದಿಂದ ಆರಂಭಿಸುತ್ತೇವೆ. ಇಲ್ಲಿ ಕಲಿಸುವುದು ಕೊನೆಯಿಂದ. ಹದಿಮೂರು ಹಂತಗಳನ್ನು ತಾಯಿಯೇ ಮಾಡಿಸಿ, ಟವೆಲನ್ನು ತಂತಿಗೆ ಹಾಕುವ ಹದಿನಾಲ್ಕನೆಯದನ್ನು ಮಾತ್ರ ಅವನಿಗೆ ಬಿಟ್ಟಳು. ಅದು ಕೈಗೆ ಹತ್ತಿದ ಮೇಲೆ ಮೈ ಒರೆಸಿಕೊಳ್ಳುವುದು, ಅನಂತರ ಅದರ ಹಿಂದಿನದು. ಇದರಲ್ಲಿ ಒಂದು ಜಾಣತನವಿದೆ. ಪ್ರತಿದಿನವೂ ಕೆಲಸವನ್ನು ಮುಗಿಸಿದವನು ಅವನೇ ಆಗುತ್ತಾನೆ, ಮೆಚ್ಚುಗೆಯೂ ಅವನಿಗೇ ಸಲ್ಲುತ್ತದೆ. ಸಹಾಯ ಬೇಕಾದಾಗ ತಾಯಿ ಹಿಂದೆ ನಿಂತು, ಮಾತಿಲ್ಲದೆ ಮೊಣಕೈಯನ್ನು ಮೆಲ್ಲನೆ ತಳ್ಳುತ್ತಿದ್ದಳು. 'ಈಗ ಸೋಪು, ಈಗ ನೀರು' ಎಂದು ಹೇಳುತ್ತಲೇ ಇದ್ದರೆ ಮಗು ಆ ಮಾತಿಗಾಗಿಯೇ ಕಾಯುತ್ತ ನಿಲ್ಲುತ್ತದೆ. ಕೈಯನ್ನು ಹಿಂದೆಗೆಯುವುದು ಸುಲಭ, ಬಾಯಿಯನ್ನು ಹಿಂದೆಗೆಯುವುದು ಕಷ್ಟ. (ಶಿಕ್ಷಕ ಮಿತ್ರರು ಇದನ್ನು ಒಪ್ಪುವರೆಂದು ನಂಬಿದ್ದೇನೆ!)

ನಮ್ಮ ಬಕೆಟ್ ಸ್ನಾನವೂ ಇಂಥ ಮಕ್ಕಳಿಗೆ ಒಂದು ಅನುಕೂಲವೆಂದೇ ನನಗೆ ತೋರುತ್ತದೆ. ಷವರಿನ ನೀರು ಎಲ್ಲಿಂದಲೋ ಚುಚ್ಚುತ್ತ ಬೀಳುತ್ತದೆ, ಯಾವಾಗ ಮುಗಿಯುತ್ತದೆಂದು ತಿಳಿಯದು. ಬಕೆಟ್ ಖಾಲಿಯಾದರೆ ಸ್ನಾನ ಮುಗಿಯಿತು. 'ಸಾಕು' ಎಂದು ಯಾರೂ ಹೇಳಬೇಕಿಲ್ಲ. ಬಿಸಿನೀರು ಬೆರೆಸುವುದು ಮಾತ್ರ ಈಗಲೂ ಹಿರಿಯರದೇ ಕೆಲಸ. ಜಾರುವ ಸೋಪನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿದ ಮೇಲೆ ಅರ್ಧ ಜಗಳ ನಿಂತಿತು. ಕ್ರಮ ಬದಲಾಗಬಾರದೆಂಬ ಹಟವನ್ನು ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಕುರಿತು ಬರೆದ ಪ್ರಬಂಧದಲ್ಲಿಯೇ ಗುರುತಿಸಿದ್ದರು. ನಾವು ತೊಂದರೆಯೆಂದು ಕಾಣುವ ಆ ಹಟವೇ ಇಲ್ಲಿ ನೆರವಾಯಿತು. ಎಡಗೈ ಆದ ಮೇಲೆ ಬಲಗೈಯನ್ನು ಅವನು ಒಂದು ದಿನವೂ ಮರೆಯಲಿಲ್ಲ.

ಅಡ್ಡಿ ಬಂದದ್ದು ಅಕ್ಕರೆಯಿಂದ. 'ಪಾಪ, ಮಗು ಚಳಿಯಲ್ಲಿ ನಿಂತಿದೆ, ನಾನೇ ನಾಲ್ಕು ಚೊಂಬು ಹಾಕಿಬಿಡುತ್ತೇನೆ' ಎಂದು ಅಜ್ಜಿ, ಎಂದರೆ ನನ್ನ ತಂಗಿ, ಎಷ್ಟೋ ಸಲ ಒಳಗೆ ಹೋಗಿದ್ದಾಳೆ. ಮದುವೆಮನೆಯ ಬೆಳಗಿನಲ್ಲಿ ಬಂಧುಗಳ ಅವಸರವಂತೂ ಕೇಳಬೇಡಿ. ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಕೊಡುವ ತಾಯಿಯನ್ನು 'ಕಲ್ಲುಮನಸ್ಸಿನವಳು' ಎಂದವರೂ ಉಂಟು. ಅವಳ ಮೇಲೆ ಈ ಮಾತನ್ನು ಹೊರಿಸುವುದು ಅನ್ಯಾಯ. ದೇಶದ 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ, ಮತ್ತೆ 2016ರ ಹಕ್ಕುಗಳ ಕಾಯ್ದೆಯಲ್ಲಿ ಅದು ಸೇರಿತು. ಸಂತೋಷವೇ. ಆದರೆ ಆ ಮುಕ್ಕಾಲು ಗಂಟೆಯನ್ನು ಯಾವ ಕಾಯ್ದೆಯೂ ಕೊಡಲಾರದು, ಮನೆಯವರೇ ಬಿಟ್ಟುಕೊಡಬೇಕು. ಅಂಥ ಮನೆಗೆ ಹೋದಾಗ ಬಚ್ಚಲಿನ ಬಾಗಿಲು ತಟ್ಟದೆ, ಕಾಫಿ ತಡವಾದರೆ ತಡವಾಗಲೆಂದು ಕುಳಿತಿರಿ. ನಿಮ್ಮಿಂದ ಆಗುವ ಉಪಕಾರ ಅದೇ.

ತಲೆಸ್ನಾನ ಇನ್ನೂ ತಾಯಿಯ ಕೈಯಲ್ಲಿದೆ. ಕಣ್ಣಿಗೆ ನೀರಿಳಿಯುವುದನ್ನು ಅವನು ಸಹಿಸುವುದಿಲ್ಲ. ಕಿವಿಯ ಹಿಂದೆ ಸೋಪು ಉಳಿಯುತ್ತದೆ. ಬೇರೆ ಮನೆಯ ಬಚ್ಚಲಾದರೆ ಕಲಿತದ್ದೆಲ್ಲ ಮರೆತವನಂತೆ ನಿಂತುಬಿಡುತ್ತಾನೆ. ಬರುವ ದೀಪಾವಳಿಗೆ ಅವರು ನಮ್ಮಲ್ಲಿಗೆ ಬರುವವರಿದ್ದಾರೆ. ಚಿತ್ರಗಳ ಇನ್ನೊಂದು ಪ್ರತಿಯನ್ನು ಈಗಲೇ ತರಿಸಿಕೊಂಡು ನಮ್ಮ ಬಚ್ಚಲಿನ ಗೋಡೆಗೆ ಅಂಟಿಸಿದ್ದೇನೆ. ಅವರ ಮನೆಯಲ್ಲಿರುವಂಥದೇ ನೀಲಿ ಬಕೆಟ್ ಒಂದು ಸಿಗಬೇಕಷ್ಟೆ.